ಹತ್ತು ಸುತ್ತು ಬಿಡಿ, ಕೆರೆ ಏರಿ ಬರೆಯಿರಿ

ಮೇಷ್ಟ್ರಿಗೆ ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಪ್ರೌಢಶಾಲಾ ಕ್ರೀಡಾಪಟುಗಳ ವೇಗವರ್ಧನೆ' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ಒಳಗೊಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಪೂರ್ತಿ ತೆಗೆಯಿರಿ. 'ಆರೋಗ್ಯವೇ ಭಾಗ್ಯ' ಅಂತ ಶುರು ಮಾಡಿ, ಪಿ.ಟಿ. ಉಷಾ 1984ರಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡ ಕಥೆಗೆ ಬರುತ್ತೀರಿ. ಅವರು ಓಡಿದ್ದು 400 ಮೀಟರ್ ಹರ್ಡಲ್ಸ್, ನಿಮ್ಮ ವಿಷಯ 100 ಮೀಟರ್. ಇದನ್ನು ಓದುವವರು ಶಿರಾದಲ್ಲೋ ಮಧುಗಿರಿಯಲ್ಲೋ ಇರುವ ನಿಮ್ಮಂಥ ಇನ್ನೊಬ್ಬ ಪಿಟಿ ಮೇಷ್ಟ್ರು. ನಾಳೆ ಬೆಳಿಗ್ಗೆ ಮಕ್ಕಳಿಗೆ ಏನು ಮಾಡಿಸಲಿ ಅನ್ನೋದು ಅವರ ಚಿಂತೆ.

ಅದಕ್ಕೆ ನೀವು ಕೊಟ್ಟ ಉತ್ತರ, 'ದಿನವೂ ಮೈದಾನಕ್ಕೆ ಹತ್ತು ಸುತ್ತು'. ಇದನ್ನು ನಾನು ಒಪ್ಪುವುದಿಲ್ಲ. ಹತ್ತು ಸುತ್ತು ಹಾಕಿದರೆ ದಣಿಯದೆ ತುಂಬಾ ಹೊತ್ತು ಓಡುವ ಶಕ್ತಿ ಬರುತ್ತದೆ, ವೇಗ ಬರುವುದಿಲ್ಲ. ಪೂರ್ತಿ ವೇಗದಲ್ಲಿ ಓಡಿದರೇ ವೇಗ ಬರೋದು, ಅದೂ ಮೈ ದಣಿಯದೇ ಇರುವಾಗ. ಇಪ್ಪತ್ತು ಮೂವತ್ತು ಮೀಟರ್ ಓಡಿಸಿ, ಹತ್ತು ಮೀಟರಿಗೆ ಸುಮಾರು ಒಂದು ನಿಮಿಷದ ಲೆಕ್ಕದಲ್ಲಿ ಸುಧಾರಿಸಿಕೊಳ್ಳಲು ಬಿಡೋದು ಕೋಚ್‌ಗಳ ರೂಢಿ. ವಾರಕ್ಕೆ ಎರಡು ಮೂರು ದಿನ ಸಾಕು. ಮಕ್ಕಳು ಸುಮ್ನೆ ನಿಂತಿರೋದು ನೋಡಿ ಹೆಡ್‌ಮಾಸ್ಟರ್ ಗೊಣಗಬಹುದು. ಗೊಣಗಲಿ ಬಿಡಿ.

'ಕೊನೆಯ 20 ಮೀಟರ್‌ನಲ್ಲಿ ವೇಗ ಹೆಚ್ಚಿಸಬೇಕು' ಅಂದಿದ್ದೀರಿ. 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿಗೆ ಓಡಿದ ಬೋಲ್ಟ್‌ಗೇ ಅದು ಆಗಲಿಲ್ಲ. 60ರಿಂದ 80 ಮೀಟರಿಗೆ ಆತನಿಗೆ 1.61 ಸೆಕೆಂಡು ಹಿಡಿಯಿತು, ಕೊನೆಯ 20ಕ್ಕೆ 1.66. ಕೊನೆಯಲ್ಲಿ ಎಲ್ಲರ ವೇಗವೂ ಇಳಿಯುತ್ತದೆ. ಕಡಿಮೆ ಇಳಿಯುವವನು ಮುಂದೆ ನುಗ್ಗಿದ ಹಾಗೆ ಕಾಣುತ್ತಾನೆ, ಅಷ್ಟೇ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ. ಮೂರನೇ ಪುಟದಲ್ಲಿ ನಾಲ್ಕೇ ಸಾಲು ಬರೆದಿದ್ದೀರಿ. ಒಂಬತ್ತನೇ ತರಗತಿ ಹುಡುಗಿಯೊಬ್ಬಳು ಶಾಲೆ ಹಿಂದಿನ ಒಣಗಿದ ಕೆರೆಯ ಏರಿ ಮೇಲಕ್ಕೆ ಬರಿಗಾಲಲ್ಲಿ ಓಡುತ್ತಾಳೆ. ಇಳಿಯುವಾಗ ಲಂಗದ ಜೇಬಿನಿಂದ ಕಡಲೆಕಾಯಿ ತೆಗೆದು, ಸುಲಿದು ತಿನ್ನುತ್ತಾ ನಿಧಾನವಾಗಿ ಬರುತ್ತಾಳೆ. 'ಪ್ರತಿಭೆಯಿದೆ, ಶಿಸ್ತಿಲ್ಲ' ಅಂತ ನೀವು ಷರಾ ಬೇರೆ ಹಾಕಿದ್ದೀರಿ! ಅಲ್ಲ ಮೇಷ್ಟ್ರೇ, ಸರಿಯಾಗಿ ಅಭ್ಯಾಸ ಮಾಡ್ತಿರೋಳು ಅವಳೊಬ್ಬಳೇ ಅಲ್ವಾ? ಆ ನಿಧಾನದ ನಡಿಗೆಯೇ ಅವಳ ವಿಶ್ರಾಂತಿ. ಇಳಿಜಾರಿನಲ್ಲಿ ಓಡಿ ಬಂದಿದ್ದರೆ ಮುಂದಿನ ಸಲ ಹತ್ತುವಾಗ ಕಾಲು ಸೋಲುತ್ತಿತ್ತು.

ಇನ್ನೊಂದು ಪುಟದಲ್ಲಿ 'ಹೆಜ್ಜೆ ಉದ್ದ ಹಾಕಿಸಬೇಕು' ಅಂತ ಇದೆ. ಬೇಕಂತಲೇ ಹೆಜ್ಜೆ ಚಾಚಿದರೆ ಪಾದ ಮೈಗಿಂತ ತುಂಬಾ ಮುಂದೆ ಬಿದ್ದು ಬ್ರೇಕ್ ಹಾಕಿದಂತಾಗುತ್ತದೆ. ನೆಲವನ್ನು ಜೋರಾಗಿ ಒದ್ದರೆ ಹೆಜ್ಜೆ ತಾನಾಗೇ ಉದ್ದವಾಗುತ್ತದೆ. ಏರು ಹತ್ತುವಾಗ ಕಾಲು ಚಾಚೋಕೆ ಜಾಗವೇ ಇರಲ್ಲ, ಒದೆಯಲೇಬೇಕು. ನೀವು ಬಾಯಲ್ಲಿ ಹೇಳಿ ಕಲಿಸಲಾಗದ್ದನ್ನು ಏರಿ ಕಲಿಸುತ್ತಿದೆ. ಇದನ್ನು ಬರೆಯಿರಿ. ಅವಳು ಎಷ್ಟು ದೂರ ಓಡುತ್ತಾಳೆ? ಎಷ್ಟು ಸಲಕ್ಕೆ ನಿಲ್ಲಿಸುತ್ತಾಳೆ? ಏರಿಯ ಯಾವ ಕಡೆ? ಕಡಿದಾದ ಕಡೆಯಾದರೆ ಅದು ಓಟವಾಗಲ್ಲ, ಹತ್ತೋದಾಗುತ್ತದೆ. ಗಾಡಿ ಇಳಿಯುವಷ್ಟು ಸಲೀಸಾದ ಕಡೆ ಆಗಬೇಕು.

ಒಂದು ಸಂಶಯವೂ ಇದೆ. ನಿಮ್ಮ ಹುಡುಗನೊಬ್ಬ ಎರಡೇ ವಾರದಲ್ಲಿ 13.1ರಿಂದ 12.6ಕ್ಕೆ ಬಂದ ಅಂದಿದ್ದೀರಿ. ವಾಚು ಹಿಡಿದವರು ಯಾರು? ಶುರುವಿನಲ್ಲಿ ಊದಿದ ಸೀಟಿ 100 ಮೀಟರ್ ದೂರದಲ್ಲಿ ನಿಂತವರ ಕಿವಿಗೆ ಬೀಳಲು ಸುಮಾರು 0.3 ಸೆಕೆಂಡು ಬೇಕು. ಸೀಟಿ ಕೇಳಿ ಒತ್ತಿದರೆ ವಾಚು ತಡವಾಗಿ ಶುರುವಾಗಿ ಸಮಯ ಕಡಿಮೆ ತೋರಿಸುತ್ತದೆ. ಕೂಟಗಳಲ್ಲಿ ಸ್ಟಾಪ್‌ವಾಚ್ ಹಿಡಿದವರು ಬಂದೂಕಿನ ಹೊಗೆ ನೋಡಿ ಒತ್ತುವುದು ಇದಕ್ಕೇ. ಮೊದಲ ಸಲ ಓಟ ಶುರು ಮಾಡಿಸುವವರ ಕೈ ಇಳಿದದ್ದು ನೋಡಿ, ಎರಡನೇ ಸಲ ಸೀಟಿ ಕೇಳಿ ಒತ್ತಿದ್ದರೆ, ಆ ಅರ್ಧ ಸೆಕೆಂಡಿನಲ್ಲಿ ಜಾಸ್ತಿ ಪಾಲು ವಾಚಿನದ್ದೇ. ಕರವಸ್ತ್ರ ಇಳಿಸಿ ಇನ್ನೊಂದು ಸಲ ಓಡಿಸಿ ನೋಡಿ. ಬಂದ ಅಂಕಿಯನ್ನೇ ಹಾಕಿ, ಸುಧಾರಣೆ ಕಡಿಮೆ ಕಂಡರೂ ಪರವಾಗಿಲ್ಲ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. ಆ ನಾಲ್ಕು ಸಾಲು ಬರೆದ ಹಾಗೇ ಉಳಿದದ್ದನ್ನೂ ಬರೆಯಿರಿ.

ಆರುನೂರು ಪದ ಮೀರಬೇಡಿ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮೊದಲೇ ಕಳಿಸಿದರೆ ಆ ಸಂಚಿಕೆಗೇ ಹಾಕುತ್ತೇನೆ. ಹುಡುಗಿಯ ಹೆಸರು ಹಾಕಬೇಕೆಂದರೆ ಮನೆಯವರನ್ನು ಒಂದು ಮಾತು ಕೇಳಿ. ಜೊತೆಗೆ ಏರಿಯ ಫೋಟೋ ಒಂದಿರಲಿ. ಕಪ್ ಹಿಡಿದು ಸಾಲಾಗಿ ನಿಂತಿರೋ ಫೋಟೋ ಮಾತ್ರ ಬೇಡ.