ಟ್ಯಾಂಕಿನಲ್ಲಿ ಗುಳ್ಳೆ ಹಿಡಿದ ಕಂದು ಲೋಳೆ: ಔಷಧಿಗೆ ಮೊದಲು ಅದು ಯಾವುದೆಂದು ನೋಡಿ

ಐದಾರು ತಿಂಗಳ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ), ಮರಳು-ಬಂಡೆಗಳ ಮೇಲೆಲ್ಲ ಗುಳ್ಳೆ ಹಿಡಿದ ಕಂದು ಲೋಳೆ, ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆ, ಬಸವನಹುಳುಗಳು ಒಂದೊಂದಾಗಿ ಸಾಯುತ್ತಿವೆ. ನೀರು ಮತ್ತೆ ಮತ್ತೆ ಬದಲಾಯಿಸಿ, ಮೀನಿಗೆ ಆಹಾರ ಕಡಿಮೆ ಮಾಡಿದರೂ ಲೋಳೆ ಹೆಚ್ಚುತ್ತಲೇ ಇದೆ ಅಂತ ಬರೆದಿದ್ದೀರಿ. ಇಷ್ಟು ಓದಿದರೆ ನನಗೆ ಮೊದಲು ಹೊಳೆಯುವುದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಸೂಕ್ಷ್ಮಜೀವಿ, ಅಂದರೆ ಹವ್ಯಾಸಿಗಳು ಹೇಳುವ ‘ಡೈನೋ’. ಅದೇ ಆಗಿದ್ದರೆ ನೀವು ಮಾಡುತ್ತಿರುವ ಎರಡೂ ಕೆಲಸ ಅದಕ್ಕೆ ಅನುಕೂಲವಾಗಿಯೇ ಇವೆ. ಸದ್ಯಕ್ಕೆ ನೀರು ಬದಲಾಯಿಸುವುದನ್ನು ನಿಲ್ಲಿಸಿ. ಯಾವ ಔಷಧಿಯನ್ನೂ ಹಾಕಬೇಡಿ.

ಪಾಚಿ ಅಂದಕೂಡಲೇ ‘ಪೋಷಕಾಂಶ ಜಾಸ್ತಿಯಾಗಿದೆ, ಇಳಿಸಿ’ ಅನ್ನುವ ಸಲಹೆ ಎಲ್ಲರಿಂದಲೂ ಬರುತ್ತದೆ. ಹಸಿರು ಕೂದಲು ಪಾಚಿಯ ಮಟ್ಟಿಗೆ ಅದು ಸರಿ. ಡೈನೋ ವಿಷಯದಲ್ಲಿ ಅದು ತಲೆಕೆಳಗು. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಬಿದ್ದರೆ ಮಿಕ್ಕ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ, ಪೈಪೋಟಿಯೇ ಇಲ್ಲದ ಆ ಜಾಗವನ್ನು ಡೈನೋ ಹಿಡಿಯುತ್ತದೆ. ಬೆಳಕಿನಿಂದ ಆಹಾರ ಮಾಡಿಕೊಳ್ಳುವುದರ ಜೊತೆಗೆ ಬೇರೆ ಸೂಕ್ಷ್ಮಜೀವಿಗಳನ್ನು ತಿಂದೂ ಬದುಕುವ ಜಾತಿಗಳು ಇದರಲ್ಲಿ ಬೇಕಾದಷ್ಟಿವೆ, ಹಾಗಾಗಿ ಉಪವಾಸ ಕೆಡವಿ ಇದನ್ನು ಓಡಿಸಲಾಗದು. ಒಣ ಬಂಡೆಯಿಂದ ಶುರುಮಾಡಿದ ಹೊಸ ಟ್ಯಾಂಕುಗಳಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಕಡಿಮೆ. ಈ ಕಾಟ ಅಲ್ಲೇ ಹೆಚ್ಚು.

ಆದರೂ ಖಚಿತ ಮಾಡಿಕೊಳ್ಳಿ, ಏಕೆಂದರೆ ಇದನ್ನೇ ಹೋಲುವ ಇನ್ನೆರಡಿವೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಅಂದರೆ ಪುಡಿಪುಡಿಯಾದ ಕಂದು ಲೇಪ. ಕೈಯಾಡಿಸಿದರೆ ಹೊಗೆಯಂತೆ ಎದ್ದು ಹೋಗುತ್ತದೆ, ನೂಲು ಎಳೆಯುವುದಿಲ್ಲ. ಹೊಸ ಟ್ಯಾಂಕಿನ ಮೊದಲ ವಾರಗಳಲ್ಲಿ ಬಂದು, ನೀರಿನ ಸಿಲಿಕೇಟ್ ಮುಗಿದಂತೆ ತಾನೇ ಹೋಗುವುದರಿಂದ ಅದರ ಚಿಂತೆ ಬೇಡ. ಸಯನೋಬ್ಯಾಕ್ಟೀರಿಯಾ (ಪಾಚಿಯಂತೆ ಬೆಳೆಯುವ ಬ್ಯಾಕ್ಟೀರಿಯಾ, ಚಿಕ್ಕದಾಗಿ ‘ಸಯನೋ’) ಸಾಮಾನ್ಯವಾಗಿ ಕಡುಗೆಂಪು, ಕೆಲವೊಮ್ಮೆ ಕಪ್ಪು ಅಥವಾ ಹಸಿರು. ನೀರಿನ ಓಟ ಕಡಿಮೆ ಇರುವ ಮೂಲೆಯಲ್ಲಿ ಹಾಳೆಯಂತೆ ಹರಡುತ್ತದೆ. ಅಂಚು ಹಿಡಿದು ಎತ್ತಿದರೆ ಹಾಳೆ ಹಾಳೆಯಾಗಿಯೇ ಬರುತ್ತದೆ. ಡೈನೋ ಹಾಗೆ ಬರುವುದಿಲ್ಲ. ಅದು ಸಿಂಬಳ. ಬಂಡೆಯ ತುದಿಯಿಂದ, ಹವಳದ ಕೊಂಬೆಯಿಂದ ಎಳೆಯೆಳೆಯಾಗಿ ಮೇಲಕ್ಕೆ ನಿಂತು, ಪ್ರತಿ ಎಳೆಯ ತುದಿಯಲ್ಲೊಂದು ಗಾಳಿಗುಳ್ಳೆ ಹಿಡಿದಿರುತ್ತದೆ. ಬೆಳಿಗ್ಗೆ ದೀಪ ಹತ್ತುವ ಮುಂಚೆ ಮರಳು ಚೊಕ್ಕಟವಾಗಿ ಕಂಡು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಮುಚ್ಚಿಹೋಗಿರುತ್ತದೆ. ಸಯನೋ ಕೂಡ ರಾತ್ರಿ ತುಸು ತೆಳುವಾಗುವುದುಂಟು, ಆದ್ದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಬೇಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗೆ. ಸಣ್ಣ ಪಾರದರ್ಶಕ ಬಾಟಲಿಗೆ ಟ್ಯಾಂಕಿನ ನೀರಿನ ಜೊತೆ ಒಂದಿಷ್ಟು ಲೋಳೆ ಎಳೆದುಕೊಳ್ಳಿ. ಮುಚ್ಚಳ ಹಾಕಿ, ಎಳೆಗಳೆಲ್ಲ ಕರಗಿ ನೀರು ಬರೀ ಕಂದಾಗುವವರೆಗೆ ಜೋರಾಗಿ ಕುಲುಕಿ. ಕಾಫಿ ಫಿಲ್ಟರ್ ಪೇಪರ್ ಅಥವಾ ಟಿಶ್ಯೂ ಮೂಲಕ ಇನ್ನೊಂದು ಗ್ಲಾಸಿಗೆ ಸೋಸಿ, ಆ ಗ್ಲಾಸನ್ನು ದೀಪದ ಕೆಳಗೆ ಸುಮಾರು ಒಂದು ಗಂಟೆ ಅಲುಗಾಡಿಸದೆ ಇಡಿ. ಡೈನೋ ಬಿಡಿ ಬಿಡಿ ಕೋಶಗಳಾದ್ದರಿಂದ ಪೇಪರನ್ನು ದಾಟಿ ಬರುತ್ತವೆ, ಆಮೇಲೆ ತಾವಾಗಿಯೇ ಒಂದಕ್ಕೊಂದು ಅಂಟಿಕೊಂಡು ಮತ್ತೆ ಎಳೆ ಕಟ್ಟುತ್ತವೆ. ತಿಳಿಯಾಗಿದ್ದ ನೀರಿನಲ್ಲಿ ಲೋಳೆಯ ದಾರ ಮತ್ತೆ ಮೂಡಿದ್ದು ಕಣ್ಣಿಗೇ ಕಾಣುತ್ತದೆ. ಸಯನೋ, ಡಯಾಟಮ್ ಹೀಗೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಸೂಕ್ಷ್ಮದರ್ಶಕ ಸಿಕ್ಕಿದರೆ ಇನ್ನೂ ಒಳ್ಳೆಯದು, ಮಕ್ಕಳು ಬಳಸುವ ಸಾಧಾರಣದ್ದೂ 400 ಪಟ್ಟು ತೋರಿಸಿದರೆ ಸಾಕು. ಅಷ್ಟು ಕಷ್ಟಪಡಿ ಅನ್ನುವುದಕ್ಕೆ ಕಾರಣವಿದೆ: ಚಿಕಿತ್ಸೆ ನಿಂತಿರುವುದು ಡೈನೋ ಯಾವ ಜಾತಿಯದು ಅನ್ನುವುದರ ಮೇಲೆ. ಒಂದು ತುದಿ ಚೂಪಾದ, ಮಿಕ್ಕ ಭಾಗ ದುಂಡಾದ ಕೋಶಗಳು ಕಟ್ಟಿಹಾಕಿದ ಹಾಗೆ ಒಂದೇ ಬಿಂದುವಿನ ಸುತ್ತ ಗಿರಕಿ ಹೊಡೆಯುತ್ತಿದ್ದರೆ ಅದು ಆಸ್ಟ್ರಿಯಾಪ್ಸಿಸ್. ಮೊಟ್ಟೆಯಾಕಾರದ ಕೋಶಕ್ಕೆ ಮುಂದೆ ಪುಟ್ಟ ಕೊಕ್ಕಿದ್ದು, ಅತ್ತಿತ್ತ ಓಡಾಡುತ್ತಿದ್ದರೆ ಆಂಫಿಡಿನಿಯಂ. ಉದ್ದನೆಯ ಸರಗಳಷ್ಟೇ ಕಂಡರೆ ಸಯನೋ. ದೋಣಿಯಾಕಾರದ ಗಾಜಿನಂಥ ಚೂರುಗಳು ನಿಧಾನಕ್ಕೆ ಜಾರುತ್ತಿದ್ದರೆ ಡಯಾಟಮ್.

ಡೈನೋದ ಈ ಎರಡು ಜಾತಿಗೂ ಮೊದಲ ಹೆಜ್ಜೆ ಒಂದೇ: ಪೋಷಕಾಂಶ ಮೇಲೆತ್ತುವುದು. ಮೀನಿಗೆ ಆಹಾರ ಮೊದಲಿನಷ್ಟೇ ಕೊಡಿ, ಫಾಸ್ಫೇಟ್ ಹೀರಲು ಫಿಲ್ಟರಿನಲ್ಲಿ ಹಾಕುವ ಕಬ್ಬಿಣದ ಮೀಡಿಯಾ ಇದ್ದರೆ ತೆಗೆದುಬಿಡಿ. ಆಗಲೂ ಏರದಿದ್ದರೆ ಅಕ್ವೇರಿಯಂಗೆಂದೇ ಸಿಗುವ ನೈಟ್ರೇಟ್, ಫಾಸ್ಫೇಟ್ ದ್ರಾವಣಗಳನ್ನು ಸ್ವಲ್ಪಸ್ವಲ್ಪವೇ ಹಾಕುತ್ತ, ದಿನಾ ಅಳೆಯುತ್ತ, ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಆಸುಪಾಸಿನಲ್ಲಿ ನಿಲ್ಲಿಸಿ. ಮೊದಲ ದಿನಗಳಲ್ಲಿ ಬಂಡೆಯೇ ಫಾಸ್ಫೇಟನ್ನು ಹೀರಿಬಿಡುತ್ತದೆ. ಹಾಕಿದ್ದೆಲ್ಲ ಎಲ್ಲಿ ಹೋಯಿತು ಅಂತ ಗಾಬರಿಯಾಗಿ ಒಮ್ಮೆಗೇ ಸುರಿಯಬೇಡಿ.

ಆಸ್ಟ್ರಿಯಾಪ್ಸಿಸ್‌ಗೆ ಯುವಿ ಸ್ಟೆರಿಲೈಸರ್ (ಹಾದುಹೋಗುವ ನೀರಿನ ಸೂಕ್ಷ್ಮಜೀವಿಗಳನ್ನು ನೇರಳಾತೀತ ಬೆಳಕಿನಿಂದ ಕೊಲ್ಲುವ ಸಾಧನ) ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದು ರಾತ್ರಿ ಮರಳು ಬಿಟ್ಟು ನೀರಿಗೆ ಏಳುತ್ತದೆ. ಅದರ ಪಂಪನ್ನು ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಇಡದೆ ಮುಖ್ಯ ಟ್ಯಾಂಕಿನಿಂದಲೇ ನೀರು ಎಳೆಯುವಂತೆ ಇಡಿ, ಓಟ ನಿಧಾನವಾಗಿರಲಿ. ಆಂಫಿಡಿನಿಯಂ, ಅದರಲ್ಲೂ ದೊಡ್ಡ ಕೋಶದ್ದು, ಮರಳು ಬಿಟ್ಟು ಏಳುವುದೇ ಕಡಿಮೆ. ಅದಕ್ಕೆ ಯುವಿ ಕೊಳ್ಳುವುದು ದಂಡ. ಅಲ್ಲಿ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ, ಅದೇ ಡೈನೋ ಜಾಗ ಕಿತ್ತುಕೊಳ್ಳುವಂತೆ ಮಾಡುತ್ತಾರೆ. ಕೇಳಲು ವಿಚಿತ್ರ, ಆದರೆ ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಇದೇ ಮೇಲು. ಮೂರು ದಿನ ದೀಪ ಆರಿಸಿಡುವ ಉಪಾಯ ಲೋಳೆಯನ್ನು ಕುಗ್ಗಿಸುತ್ತದೆ, ಬುಡ ಕೀಳುವುದಿಲ್ಲ.

ಬಸವನಹುಳು ಸಾಯುತ್ತಿರುವುದು ಬಹುಶಃ ಈ ಲೋಳೆ ತಿಂದೇ. ಆಸ್ಟ್ರಿಯಾಪ್ಸಿಸ್ ಪಾಲಿಟಾಕ್ಸಿನ್ ವರ್ಗದ ವಿಷ ತಯಾರಿಸುತ್ತದೆ. ಸದ್ಯಕ್ಕೆ ಹೊಸ ಹುಳು ತರಬೇಡಿ, ಆಕ್ಟಿವೇಟೆಡ್ ಕಾರ್ಬನ್ ಇಟ್ಟು ಆಗಾಗ ಬದಲಿಸಿ, ಕೈಗವಸಿಲ್ಲದೆ ಕೈ ಹಾಕಬೇಡಿ, ಬಾಯಿಂದ ಎಳೆದು ಸೈಫನ್ (ನೀರೆಳೆಯುವ ಕೊಳವೆ) ಶುರುಮಾಡಲೇಬೇಡಿ. ಲೋಳೆಯನ್ನು ಸೈಫನ್‌ನಲ್ಲಿ ಎಳೆದು, 5–10 ಮೈಕ್ರಾನ್ ಫಿಲ್ಟರ್ ಚೀಲದಲ್ಲಿ ಸೋಸಿ ಅದೇ ನೀರನ್ನು ವಾಪಸ್ ಬಿಟ್ಟರೆ ಡೈನೋ ಹೊರಗೆ, ಪೋಷಕಾಂಶ ಒಳಗೆ.

ಪರೀಕ್ಷೆಯಲ್ಲಿ ಸಯನೋ ಅಂತ ಬಂದರೆ ದಾರಿ ಬೇರೆ: ಹಾಳೆಗಳನ್ನು ಎಳೆದು ತೆಗೆಯಿರಿ, ಆ ಮೂಲೆಗೆ ನೀರಿನ ಓಟ ಹೆಚ್ಚಿಸಿ, ಕೊಳೆತ ಆಹಾರ ನಿಲ್ಲದಂತೆ ನೋಡಿಕೊಳ್ಳಿ. ಆಂಟಿಬಯೋಟಿಕ್ ಮಾದರಿಯ ಪುಡಿ ಕೊನೆಗೆ. ಸಯನೋ ಕೊಂದ ಬೆನ್ನಿಗೇ ಖಾಲಿ ಜಾಗಕ್ಕೆ ಡೈನೋ ಬಂದು ಕೂತ ಟ್ಯಾಂಕುಗಳು ಕಡಿಮೆಯೇನಿಲ್ಲ.

ಕೆಲವು ವಾರಗಳಲ್ಲಿ ಲೋಳೆ ತೆಳುವಾಗುತ್ತ ಗಾಜಿಗೆ ಹಸಿರು ಲೇಪ, ಬಂಡೆಗೆ ಚೂರು ಕೂದಲು ಪಾಚಿ ಬರುತ್ತದೆ. ಅದನ್ನು ಕಂಡು ಮತ್ತೆ ಪೋಷಕಾಂಶ ಇಳಿಸಲು ಹೋಗಬೇಡಿ. ನೋಡಲು ಬೇಕಾದಷ್ಟು ಗಾಜು ಒರೆಸಿಕೊಂಡು ಬಂಡೆಯದ್ದನ್ನು ಹಾಗೇ ಬಿಡಿ, ಡೈನೋ ಪೂರ್ತಿ ಹೋದ ಮೇಲೆ ಟರ್ಬೋ ಬಸವನಹುಳುಗಳಿಗೆ ಆ ಕೆಲಸ ಒಪ್ಪಿಸಬಹುದು.