ಆಪರೇಷನ್ ಆದ ಮೇಲೆ ಮುದ್ದೆ ಯಾವಾಗ?

ಪ್ರಶ್ನೆ: ತೂಕ ಇಳಿಸಲು, ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡು ಐದು ವಾರವಾಯಿತು. ನುಣ್ಣಗೆ ಅರೆದ ಊಟ ಮುಗಿದು ಈಗ ಮೆತ್ತನೆಯ ಊಟ. ಮೊನ್ನೆ ನಿಂಬೆಗಾತ್ರದ ಮುದ್ದೆ, ಬಸ್ಸಾರು ಉಂಡೆ. ಎರಡನೇ ತುತ್ತಿಗೇ ಎದೆ ಹಿಡಿಯಿತು. ನೀರು ಕುಡಿದರೆ ಬರೀ ನೊರೆ ವಾಂತಿ. ಮುದ್ದೆ ಮೆತ್ತಗೇ ಇರುತ್ತದಲ್ಲವೇ?
- ಓದುಗರು, ಮಂಡ್ಯ

ಉತ್ತರ: ಮೆತ್ತಗಿರುತ್ತದೆ, ಆದರೆ ಅಂಟು. ಅದೂ ಅಲ್ಲದೆ ನಮ್ಮ ಕಡೆ ಮುದ್ದೆ ಅಗಿಯುವ ರೂಢಿಯೇ ಇಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ನಿಮಗೀಗ ಉಳಿದಿರುವುದು ಬಾಳೆಹಣ್ಣಿನಂಥ ಸಪೂರ ಹೊಟ್ಟೆ. ನುಂಗಿದ ತುತ್ತು ಅಲ್ಲಿ ಉಂಡೆಯಾಗಿಯೇ ಕೂತಿತು. ಮೇಲೆ ಕುಡಿದ ನೀರಿಗೆ ದಾರಿಯಿಲ್ಲದೆ ಜೊಲ್ಲಿನೊಂದಿಗೆ ನೊರೆಯಾಗಿ ಬಂತು. ಹೀಗೆ ಸಿಕ್ಕಿಕೊಂಡಾಗ ನೀರು ಕುಡಿಯಲೇಬೇಡಿ. ಊಟ ಬಿಟ್ಟು ನಿಧಾನವಾಗಿ ಓಡಾಡಿ. ಮಾರನೆಯ ದಿನವೆಲ್ಲ ಗಂಜಿ, ಮಜ್ಜಿಗೆ, ಬೇಳೆಕಟ್ಟು ಸಾಕು.

ರಾಗಿ ಬೇಕೆನಿಸಿದರೆ ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು ಹಾಕಿ ಗಂಟಿಲ್ಲದಂತೆ ಕುದಿಸಿದ ಗಂಜಿ ಕುಡಿಯಿರಿ. ಆದರೆ ಈಗ ಹೊಟ್ಟೆಯಲ್ಲಿರುವ ಅಷ್ಟಿಷ್ಟು ಜಾಗ ಪ್ರೋಟೀನಿಗೆ ಮೀಸಲು. ದಿನಕ್ಕೆ ಸಾಮಾನ್ಯವಾಗಿ 60 ಗ್ರಾಂ ಆದರೂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ. ಒಂದೇ ಮೊಟ್ಟೆಯಲ್ಲಿ 6 ಗ್ರಾಂ ಇದೆ. ಹಾಗಾಗಿ ಮೊದಲು ಮೊಟ್ಟೆ, ಮೊಸರು, ಮೆತ್ತನೆಯ ಪನೀರ್, ಮುಳ್ಳು ಬಿಡಿಸಿದ ಮೀನು, ಚೆನ್ನಾಗಿ ಬೆಂದ ಬೇಳೆ. ಮೊಟ್ಟೆ ಗಟ್ಟಿಯಾಗಿ ಒಣಗಿದರೆ ಅದೂ ಸಿಕ್ಕಿಕೊಳ್ಳುತ್ತದೆ. ಹಸಿ ಉಳಿಯದಂತೆ ಬೇಯಲಿ, ಮೆತ್ತಗಿರಲಿ. ಸೊಪ್ಪಿನ ದಂಟು, ಬ್ರೆಡ್, ಉದುರು ಅನ್ನ ಸದ್ಯಕ್ಕೆ ಬೇಡ.

ಹೊಸ ಪದಾರ್ಥ ದಿನಕ್ಕೆ ಒಂದೇ, ಅದೂ ಎರಡು ಚಮಚ. ಎರಡು ಮೂರನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಒಗ್ಗಲಿಲ್ಲವೆಂದು ನಿಮಗೂ ತಿಳಿಯದು, ಡಯಟೀಷಿಯನ್‌ಗೂ ತಿಳಿಯದು. ಟೀ ಚಮಚದಲ್ಲಿ ತಿನ್ನಿ, ಬಾಯಲ್ಲೇ ಗಂಜಿಯಾಗುವವರೆಗೆ ಅಗಿಯಿರಿ. ಬಿಕ್ಕಳಿಕೆ ಬಂದರೆ, ಮೂಗು ಸೋರಿದರೆ, ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ. ಊಟವಾಗಿ ಅರ್ಧ ಗಂಟೆಯ ನಂತರವೇ ನೀರು, ಗುಟುಕು ಗುಟುಕಾಗಿ. ಬೆಲ್ಲ, ಕಬ್ಬಿನ ಹಾಲು ಬೇಡವೇ ಬೇಡ: ಸರ್ರನೆ ಕರುಳಿಗಿಳಿದು ಬೆವರು, ಎದೆಬಡಿತ, ಭೇದಿ ತರಬಹುದು.

ವಾಂತಿ ಮತ್ತೆ ಮತ್ತೆ ಆಗುತ್ತಿದ್ದರೆ ಕಾಯಬೇಡಿ. ಬಿ1 ವಿಟಮಿನ್ ಬೇಗ ಖಾಲಿಯಾಗಿ ನರಗಳಿಗೇ ಪೆಟ್ಟು ಬೀಳಬಹುದು. ನೀರೂ ನಿಲ್ಲದಿದ್ದರೆ, ಜ್ವರ ಅಥವಾ ಜೋರು ಹೊಟ್ಟೆನೋವು ಇದ್ದರೆ ಅಂದೇ ಸರ್ಜನ್ ಬಳಿ ಹೋಗಿ.

ಮುದ್ದೆಗೆ ಇನ್ನೊಂದು ತಿಂಗಳಾದರೂ ಬೇಕು, ಅದೂ ಡಯಟೀಷಿಯನ್ ಒಪ್ಪಿದ ಮೇಲೆ. ಆಗ ಗೋಲಿಯಷ್ಟು ತೆಗೆದುಕೊಂಡು ಸಾರಿನಲ್ಲಿ ಪೂರ್ತಿ ಕಿವುಚಿ, ಚಮಚದಲ್ಲಿ ತೆಗೆದುಕೊಂಡು, ಅಗಿದು ತಿನ್ನಿ.