ಪೇಷಂಟ್ ಕಡೆಯವರ ಜೊತೆ ಮಾತಾಡೋದೂ ಡ್ಯೂಟಿನೇ ಕಣಮ್ಮ

ಪ್ರಶ್ನೆ: ಅಕ್ಕ, ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿರೋ ಸ್ಟಾಫ್ ನರ್ಸ್, ವಯಸ್ಸು 26, ಮೆಡಿಸಿನ್ ವಾರ್ಡಲ್ಲಿ ಕೆಲಸ. ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿ ಮಾತೂ ನಿಂತುಹೋಗಿರೋ ಯಜಮಾನ್ರೊಬ್ಬರು ಇದಾರೆ, ಮೂಗಿಂದ ಹೊಟ್ಟೆಗೆ ಊಟ ಇಳಿಸೋ ರೈಲ್ಸ್ ಟ್ಯೂಬ್ ಹಾಕಿದಾರೆ. ಮೊನ್ನೆ ನೈಟ್ ಡ್ಯೂಟೀಲಿ ನೋಡಿದ್ರೆ ಅವರ ಹೆಂಡತಿ ಅವರನ್ನ ಅಂಗಾತ ಮಲಗಿಸಿಕೊಂಡೇ ಟ್ಯೂಬಿಗೆ ಗಂಜಿ ಹಾಕ್ತಿದ್ರು, ನಾನು ಓಡಿಹೋಗಿ ಸಿರಿಂಜ್ ಕಿತ್ಕೊಂಡು "ಸಾಯಿಸ್ಬೇಕು ಅಂತಿದೀರಾ" ಅಂತ ಇಡೀ ವಾರ್ಡ್ ಮುಂದೆ ಕೂಗಿಬಿಟ್ಟೆ. ಅವತ್ತಿಂದ ಆಯಮ್ಮ ನನ್ನ ಮುಖ ನೋಡ್ತಿಲ್ಲ, ಮಗ ದಿನಾ ಸಂಜೆ ಬಂದು ಜಗಳ ತೆಗೀತಾನೆ. ಇನ್‌ಚಾರ್ಜ್ ಸಿಸ್ಟರ್ "ಅವರ ಜೊತೆ ಮಾತೇ ಬೇಡ, ಇಂಜೆಕ್ಷನ್ ಕೊಟ್ಟು ಬಾ" ಅಂತಾರೆ. ಕೆಲಸಾನೇ ಬಿಟ್ಟುಬಿಡ್ಲಾ ಅನ್ಸುತ್ತೆ.

ಉತ್ತರ: ತಂಗೀ, ನೀನು ಫೀಡ್ ನಿಲ್ಲಿಸಿದ್ದು ನೂರಕ್ಕೆ ನೂರು ಸರಿ. ಅಂಗಾತ ಮಲಗಿಸಿ ಹಾಕಿದ್ರೆ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ, ಆಮೇಲೆ ನ್ಯುಮೋನಿಯಾ, ಲಕ್ವದಿಂದ ಉಳಿದ ಜೀವ ಅದರಲ್ಲಿ ಹೋಗಬಹುದು. ಆದ್ರೆ ಹೇಗೆ ಹಾಕ್ಬೇಕು ಅಂತ ಆಯಮ್ಮನಿಗೆ ಅದಕ್ಕೂ ಮುಂಚೆ ಯಾರಾದ್ರೂ ನಿಂತು ತೋರಿಸಿದ್ರಾ? ನಿನ್ನ ಪತ್ರದಲ್ಲಿ ಆ ಮಾತೇ ಇಲ್ಲ. ಬಹುಶಃ ಪಕ್ಕದ ಬೆಡ್ಡಿನವರನ್ನ ನೋಡಿ ಕಲ್ತಿರ್ತಾರೆ, ನಮ್ಮ ವಾರ್ಡ್‌ಗಳಲ್ಲಿ ಆಗೋದೇ ಹಾಗೆ, ಫೀಡ್ ಕೊಡೋದು ಮಗ್ಗಲು ಬದಲಾಯಿಸೋದು ಅರ್ಧ ಕೆಲಸ ಮನೆಯವರೇ ಮಾಡ್ತಾರೆ, ಕಲಿಸೋರು ಮಾತ್ರ ಯಾರೂ ಇರಲ್ಲ.

ಅದಕ್ಕೇ ನಾಳೆ ಡ್ಯೂಟಿಗೆ ಹೋದ ತಕ್ಷಣ ಒಂದು ಸ್ಟೂಲ್ ಎಳ್ಕೊಂಡು ಆಯಮ್ಮನ ಪಕ್ಕ ಕೂತ್ಕೋ, ನಿಂತ್ಕೊಂಡು ಮಾತಾಡ್ಬೇಡ. "ಅಮ್ಮಾ, ಅವತ್ತು ನಂಗೆ ಗಾಬರಿ ಆಗ್ಬಿಡ್ತು, ಎಲ್ಲರ ಮುಂದೆ ಹಾಗೆ ಅನ್ಬಾರದಿತ್ತು, ಬನ್ನಿ ಇವತ್ತು ಇಬ್ರೂ ಸೇರಿ ಊಟ ಕೊಡೋಣ" ಅನ್ನು, ಅಷ್ಟು ಸಾಕು, ಉದ್ದ ಭಾಷಣ ಬೇಡ. ಟ್ಯೂಬ್ ಸರಿಯಾಗಿ ಹೊಟ್ಟೇಲೇ ಇದೆಯಾ ಅಂತ ನೋಡೋದು ನಿನ್ನ ಕೆಲಸ, ಅದನ್ನ ಅವರ ಮೇಲೆ ಹಾಕ್ಬೇಡ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿಸು, ಮಂಚದ ಹ್ಯಾಂಡಲ್ ಕೆಟ್ಟಿದ್ರೆ ದಿಂಬು, ಮಡಚಿದ ಕಂಬಳಿ ಏನಾದ್ರೂ ಕೊಟ್ಟು ಎತ್ತಿಸು. ಮೊದಲು ಸ್ವಲ್ಪ ನೀರು, ಆಮೇಲೆ ಸಿರಿಂಜಿನ ಒಳಗಿನ ಕಡ್ಡಿ ತೆಗೆದು ಫೀಡ್ ಹಾಕಿ ಅದರಷ್ಟಕ್ಕೆ ಇಳಿಯೋಕೆ ಬಿಡೋದು, ಒತ್ತಿ ತಳ್ಳಬಾರದು, ಮುಗಿದ ಮೇಲೆ ಮತ್ತೆ ನೀರು, ಆಮೇಲೂ ಕನಿಷ್ಠ ಅರ್ಧ ಗಂಟೆ ತಲೆ ಇಳಿಸಬಾರದು. ಕೆಮ್ಮು ಬಂದ್ರೆ, ಉಸಿರು ಏರಿದ್ರೆ ಅಲ್ಲೇ ನಿಲ್ಲಿಸಿ ಸಿಸ್ಟರ್ ಅಂತ ಕೂಗಿ ಅಂತ ಹೇಳು. ಮುಂದಿನ ಸಲ ಅವರ ಕೈಲೇ ಮಾಡಿಸು, ನೀನು ಪಕ್ಕದಲ್ಲಿ ನಿಂತು ನೋಡು. "ಗೊತ್ತಾಯ್ತಾ" ಅಂತ ಮಾತ್ರ ಕೇಳ್ಬೇಡ, ಹಾಗೆ ಕೇಳಿದ್ರೆ ಎಲ್ರೂ ಹೂಂ ಅಂತಾರೆ, "ನಾನಿಲ್ದಾಗ ಹೇಗೆ ಮಾಡ್ತೀರಾ ಹೇಳಿ" ಅಂತ ಕೇಳು.

ಇನ್ನೊಂದು, ಆ ಬಲಗೈ ಹಿಡಿದು ಎಳೆದು ಕೂರಿಸ್ತಿದಾರಾ ನೋಡು, ಸ್ವಾಧೀನ ಇಲ್ದಿರೋ ಕೈ ಎಳೆದ್ರೆ ಭುಜದ ಕೀಲು ಜಾರಬಹುದು. ಮತ್ತೆ ಯಜಮಾನ್ರಿಗೆ ಮಾತು ನಿಂತಿದೆ ಅಂದ್ರೆ ಕೇಳ್ಸಲ್ಲ ಅಂತಲ್ಲಮ್ಮ, ಎಷ್ಟೋ ಮಾತು ಅರ್ಥ ಆಗ್ತಿರಬಹುದು, ಬೆಡ್ ಪಕ್ಕ ನಿಂತು ಜಗಳ ಆಡೋದು ಅವರಿಗೂ ಕೇಳಿಸ್ತಿರುತ್ತೆ. ಹಾಂ, ಆಯಮ್ಮ ರಾತ್ರಿ ಎಲ್ಲಿ ಮಲಗ್ತಾರೆ, ಅವರದೇ ಬಿಪಿ ಶುಗರ್ ಮಾತ್ರೆ ಇದ್ರೆ ತಗೋತಿದಾರಾ ಅಂತ ಒಂದು ಮಾತು ಕೇಳು, ಮನೆಗೆ ಹೋದ್ಮೇಲೆ ಈ ಯಜಮಾನ್ರನ್ನ ನೋಡ್ಕೊಳ್ಳೋದು ಅವರೇ ತಾನೇ.

ಮಗನ ವಿಷಯ. ಅವನು ಬರೋದು ಸಂಜೆ ಅಂತೀಯ, ಅಷ್ಟೊತ್ತಿಗೆ ಡಾಕ್ಟ್ರ ರೌಂಡ್ಸ್ ಮುಗಿದು ಹೋಗಿರುತ್ತೆ, ಅಪ್ಪನಿಗೆ ಏನಾಗ್ತಿದೆ ಅಂತ ಹೇಳೋರೇ ಸಿಕ್ಕಲ್ಲ, ಎದುರಿಗೆ ಕಾಣೋದು ನೀನೊಬ್ಬಳೇ. ಅಪ್ಪ ನಡೀತಾರಾ ಅನ್ನೋದಕ್ಕೆ ಉತ್ತರ ಡಾಕ್ಟ್ರು ಹೇಳ್ಬೇಕು, ನೀನು ಸುಮ್ನೆ ಧೈರ್ಯ ತುಂಬೋಕೆ "ಎಲ್ಲಾ ಸರಿಹೋಗುತ್ತೆ" ಅಂತ ಹೇಳೋಕೆ ಹೋಗ್ಬೇಡ. ಡ್ಯೂಟಿ ಡಾಕ್ಟ್ರ ಹತ್ರ ಒಂದು ಟೈಮ್ ಕೇಳಿ ಕೊಡಿಸು. ನಿನಗೆ ಗೊತ್ತಿರೋದನ್ನ ಅವನು ಕೇಳೋಕೆ ಮುಂಚೆನೇ ಹೇಳು: ಇವತ್ತು ಜ್ವರ ಇಲ್ಲ, ಫೀಡ್ ಇಳೀತು, ಎರಡೆರಡು ಗಂಟೆಗೆ ಮಗ್ಗಲು ಬದಲಾಯಿಸಿದೀವಿ, ಬೆನ್ನಲ್ಲಿ ಹುಣ್ಣಿಲ್ಲ. ಮುಕ್ಕಾಲು ಜಗಳ ಅಲ್ಲಿಗೇ ಇಳಿಯುತ್ತೆ. ಆದ್ರೆ ಕೈ ಎತ್ತಿದ್ರೆ, ಬೆದರಿಸಿದ್ರೆ ಸಹಿಸ್ಕೊಂಡು ನಿಲ್ಬೇಡ, ಅಲ್ಲಿಂದ ಹೊರಗೆ ಬಂದು ಸೆಕ್ಯುರಿಟಿ ಕರೆದು ಬರವಣಿಗೇಲಿ ದೂರು ಕೊಡು. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೆ ಅಂತಲೇ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಅದು ಡಾಕ್ಟ್ರಿಗಷ್ಟೇ ಅಲ್ಲ, ನರ್ಸ್‌ಗಳಿಗೂ ಅನ್ವಯ ಆಗುತ್ತೆ.

ಇನ್‌ಚಾರ್ಜ್ ಸಿಸ್ಟರ್‌ನ ಕೆಟ್ಟೋರು ಅನ್ಕೋಬೇಡ, ವಾರ್ಡ್ ತುಂಬ ಪೇಷಂಟ್ ಇಟ್ಕೊಂಡು ಬೆರಳೆಣಿಕೆ ನರ್ಸ್‌ಗಳಲ್ಲಿ ಶಿಫ್ಟ್ ಓಡಿಸೋ ಅವರ ಕಷ್ಟ ನಿಜ. ಆದ್ರೆ ಅವರ ಮಾತನ್ನ ನಾನು ಒಪ್ಪಲ್ಲ. ಮಾತಿಗೆ ಅಂತ ಬೇರೆ ಟೈಮ್ ತೆಗೀಬೇಡ, ಸ್ಪಂಜ್ ಮಾಡ್ತಾ, ಮಗ್ಗಲು ತಿರುಗಿಸ್ತಾ ಮಾತಾಡು. ಆ ಮನೆಯವರಲ್ಲಿ ವಿಚಾರಿಸೋಕೆ ಒಬ್ಬರನ್ನ ಗೊತ್ತುಮಾಡ್ಕೊಂಡು ಹೆಸರು ಫೋನ್ ನಂಬರ್ ಮುಂದಿನ ಶಿಫ್ಟಿನವರು ನೋಡೋ ಹ್ಯಾಂಡ್‌ಓವರ್ ಬುಕ್ಕಲ್ಲಿ ಬರೆದಿಡು, ಹತ್ತು ಜನ ಹತ್ತು ಸಲ ಕೇಳೋದು ತಪ್ಪಿದ್ರೆ ಸಿಸ್ಟರ್ರೇ ಮೊದಲು ಖುಷಿ ಪಡ್ತಾರೆ. ಮನೆಯವರನ್ನ ಆರೈಕೇಲಿ ಸೇರಿಸ್ಕೊಳ್ಳೋದು ಹೊಸ ಫ್ಯಾಷನ್ ಏನಲ್ಲ ಅಂತಲೂ ಸಿಸ್ಟರ್‌ಗೆ ಹೇಳು. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೇಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನ ಆವರಣದಲ್ಲೇ ಟೆಂಟ್ ಹಾಕಿಸಿ ಉಳಿಸ್ಕೊಂಡು ಚಿಕಿತ್ಸೇಲಿ ಸೇರಿಸ್ಕೊಂಡಿದ್ರು, ನಮ್ಮ ನಿಮ್ಹಾನ್ಸಲ್ಲಿ ಕುಟುಂಬಗಳಿಗೆ ಅಂತಲೇ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಇದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಾ ಹೆಲ್ತ್ ಸಂಸ್ಥೆ ಜೊತೆ ನಡೆಯೋ ಕೇರ್ ಕಂಪ್ಯಾನಿಯನ್ ಕಾರ್ಯಕ್ರಮದಲ್ಲಿ ನರ್ಸ್‌ಗಳೇ ವಾರ್ಡಲ್ಲಿ ನಿಂತು ಮನೆಯವರಿಗೆ ಆರೈಕೆ ಕಲಿಸ್ತಾರೆ, ಅದರ ಟ್ರೇನಿಂಗ್ ನಿಮ್ಮಲ್ಲಿಗೂ ಬರುತ್ತಾ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಕೇಳು.

ಕೆಲಸ ಬಿಡೋ ವಿಚಾರ ಈಗ ಬೇಡ, ನೈಟ್ ಡ್ಯೂಟಿ ಸಾಲಾಗಿ ಮಾಡಿ ನಿದ್ದೆಗೆಟ್ಟಿರುವಾಗ ಅಂಥ ತೀರ್ಮಾನ ಮಾಡಬಾರದು. ಆಫ್ ತಗೊಂಡು ನಿದ್ದೆ ಮಾಡು. ಮನಸ್ಸು ತೀರಾ ಕುಗ್ತಿದೆ, ಡ್ಯೂಟಿಗೆ ಹೋಗೋಕೇ ಭಯ ಆಗ್ತಿದೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆಯಮ್ಮ ಏನಂದ್ರು ಅಂತ ನಂಗೆ ಮತ್ತೆ ಬರೆದು ತಿಳಿಸು.